ಅವಳನ್ನು ಕೇಳದೆ ಟೇಬಲ್ ಹತ್ತಿಸುವುದಿಲ್ಲ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ತರಬೇತಿಗೆ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಆಮೇಲೆ ಸೇವಾ ಮನೋಭಾವದ ಬಗ್ಗೆ ಮಾತಾಡಿ ಎನ್ನುತ್ತಾರೆ. ನನಗೆ ಅಂಥ ಮನೋಭಾವವೇನೂ ಇರಲಿಲ್ಲ. ಸಿಟ್ಟಿತ್ತು. ಆ ಸಿಟ್ಟಿನ ಮೇಲೆಯೇ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ಎತ್ತಂಗಡಿಯಾಗುತ್ತ ನೌಕರಿ ಮುಗಿಸಿದೆ. ಕೊನೆಕೊನೆಗೆ ಸುಪರ್ವೈಸರ್ ಆದೆ, ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದದ್ದನ್ನು ಶಾಲು ಹೊದ್ದುಕೊಂಡು ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಡುಗಿಯರೇ, ನೀವು ಓದಿ ಬರುವ ಪುಸ್ತಕದಲ್ಲಿ ಬಸುರಿ ಇದ್ದಾಳೆ, ಬಾಣಂತಿ ಇದ್ದಾಳೆ. ಅಂಗವಿಕಲರ ಪಾಠ ಬೇರೆ ಇದೆ. ಅದರಲ್ಲಿ ಊರುಗೋಲು, ಬಸ್ ಪಾಸು, ಪಿಂಚಣಿ ಎಲ್ಲ ಬರುತ್ತವೆ. ಕಣ್ಣು ಕಾಣದವಳೂ ಬಸುರಾಗುತ್ತಾಳೆ, ಕಿವಿ ಕೇಳದವಳಿಗೂ ಗಂಡನ ಮೇಲೆ ಮನಸ್ಸಾಗುತ್ತದೆ ಎಂಬ ಮಾತು ಮಾತ್ರ ಆ ಎರಡು ಪಾಠಗಳ ನಡುವೆ ಎಲ್ಲೋ ಬಿದ್ದುಹೋಗಿದೆ. ನನ್ನ ಅರ್ಧ ನೌಕರಿ ಅದನ್ನು ಹುಡುಕಿ ಎತ್ತುವುದರಲ್ಲೇ ಕಳೆಯಿತು.

ನನ್ನ ಮೊದಲ ಪೋಸ್ಟಿಂಗು ಸಂಗೊಳ್ಳಿ ಕಡೆ, ತೊಂಬತ್ತರ ದಶಕದ ಆರಂಭದಲ್ಲಿ. ನರ್ಸನ್ನು ಅಲ್ಲಿ ಬಾಯಾರ ಎಂದು ಕರೆಯುತ್ತಾರೆ. ಆಗ ನಮ್ಮ ದೊಡ್ಡ ಆಸ್ತಿ ಎಂದರೆ ಚಿತ್ರಪಟ. ಗರ್ಭಕೋಶ, ಅಂಡನಾಳ, ಕಾಪರ್-ಟಿ ಎಲ್ಲವನ್ನೂ ಬಣ್ಣದಲ್ಲಿ ಬರೆದಿರುತ್ತಿದ್ದರು. ಒಂದು ಕಟ್ಟೆಯ ಮೇಲೆ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು ಪಟ ಬಿಚ್ಚಿ, ಗಿಳಿ ಪಾಠ ಒಪ್ಪಿಸುವಂತೆ ಶುರುಮಾಡಿದೆ. ಮುಂದೆಯೇ ಕೂತಿದ್ದ ಕಲ್ಲವ್ವ ಎಂಬುವಳತ್ತ ಕೋಲು ಚಾಚಿ, "ಇಲ್ನೋಡ್ರಿ, ಇದರಾಗ ಕೂಸು ಬೆಳೀತೈತಿ" ಎಂದೆ.

"ನೋಡಿದ್ನಿರಿ ಬಾಯಾರ, ಭಾಳ ಚಂದ ಬರದಾರ್ರಿ," ಎಂದಳು ಕಲ್ಲವ್ವ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವಳ ಕಣ್ಣು ನೋಡಿದೆ. ಎರಡೂ ಕಾಣುತ್ತಿರಲಿಲ್ಲ.

"ಈಗ ಅದನ್ನ ಹರದು ನನ್ನ ಕೈಯಾಗ ಕೊಡ್ರಿ, ಹೆಂಗೈತಿ ತಿಳ್ಕೋತೇನಿ," ಎಂದು ಮತ್ತೆ ಚುಚ್ಚಿದಳು. ಎರಡು ಮಕ್ಕಳ ತಾಯಿ. ಮೂರನೆಯದು ಈಗಲೇ ಬೇಡ ಎಂದು ತಾನಾಗಿಯೇ ಕೇಳಲು ಬಂದವಳು. ಕಾಪರ್-ಟಿ ಹಾಕಿಸಿಕೊಂಡರೆ ಅದು ಮೇಲಕ್ಕೇರಿ ಎದೆಗೆ ಚುಚ್ಚುತ್ತದೆ ಎಂದು ಯಾರೋ ಹೆದರಿಸಿದ್ದರು. ಚಿತ್ರ ತೋರಿಸಿ ಆ ಹೆದರಿಕೆ ಬಿಡಿಸುವುದು ಹೇಗೆ?

ಮನೆಗೆ ಬಂದು ಹಳೆಯ ಖಣದ ಕುಪ್ಪಸ ಹರಿದೆ. ಮುಷ್ಟಿಯಷ್ಟು ದೊಡ್ಡ ಚೀಲ ಹೊಲಿದು ಅರಳೆ ತುಂಬಿ, ಎರಡೂ ಕಡೆ ಲಾಡಿಯ ತುಂಡು ಹಚ್ಚಿ ನಾಳ ಮಾಡಿದೆ. ಕೆಳಗೆ ಸಣ್ಣ ಬಾಯಿ ಇಟ್ಟೆ. ಮುಂದಿನ ವಾರ ಕಲ್ಲವ್ವನ ಕೈಗೆ ಕೊಟ್ಟೆ. ಬೆರಳು ಹಾಕಿ, ಒತ್ತಿ, ತಿರುವಿ, ಸುತ್ತಲೂ ಮುಟ್ಟಿ ನೋಡಿದಳು. "ಇದಕ್ಕ ಮ್ಯಾಲೆ ಬಾಗಲಾನ ಇಲ್ಲಲ್ರಿ! ಎದಿಗೆ ಹೆಂಗ ಹೋಗತೈತಿ?" ಎಂದಳು. ಅಂದೇ ಹಾಕಿಸಿಕೊಂಡಳು. ಅಂದಿನಿಂದ ಆ ಖಣದ ಗರ್ಭಚೀಲ ಯಾವಾಗಲೂ ನನ್ನ ಕೈಚೀಲದಲ್ಲೇ ಇರುತ್ತಿತ್ತು. ಇಲಾಖೆಯ ಪಟ ಮಾತ್ರ ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿತ್ತು.

ಅಲ್ಲಿಂದ ಸವದತ್ತಿ ತಾಲೂಕಿಗೆ, ಮುನವಳ್ಳಿ ಹತ್ತಿರದ ಒಂದು ಉಪಕೇಂದ್ರಕ್ಕೆ ಹೋದೆ. ಅದು ಟಾರ್ಗೆಟ್ಟಿನ ಕಾಲ. ಈಗಿನವರಿಗೆ ಆ ಶಬ್ದದ ಬಿಸಿ ಗೊತ್ತಿಲ್ಲ. ವರ್ಷಕ್ಕೆ ಇಷ್ಟು ಸಂತಾನಶಕ್ತಿಹರಣ ಆಪರೇಶನ್ ಆಗಲೇಬೇಕು, ಆಗದಿದ್ದರೆ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಲ್ಲಬೇಕು. ಹೆಂಗಸರು ನಮಗೆ ಹೆಂಗಸರಾಗಿ ಕಾಣುತ್ತಿರಲಿಲ್ಲ, ಕೇಸಾಗಿ ಕಾಣುತ್ತಿದ್ದರು. ಒಂದೇ ಕೇಸಿಗೆ ಇಬ್ಬರು ನರ್ಸುಗಳು ಬಸ್‌ಸ್ಟ್ಯಾಂಡಿನಲ್ಲಿ ಜಗಳಾಡಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಸುಪರ್ವೈಸರ್ ಅನುಭವಸ್ಥೆ. ಬೈಗುಳದ ಬಾಯಿ, ಆದರೆ ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು. ನಾನು ಅವರನ್ನು ಅಕ್ಕಾರ ಎಂದೇ ಕರೆಯುತ್ತಿದ್ದೆ. ಮೊದಲ ದಿನವೇ ಒಳಗುಟ್ಟು ಹೇಳಿಕೊಟ್ಟರು.

"ಶಾರದಾ, ಊರಾಗ ಕುಂಟಿ, ಕುರುಡಿ, ಮೂಗಿ ಯಾರ್ಯಾರು ಅದಾರ ಮೊದಲ ನೋಡಿಕೋ. ಅವರ ಮನ್ಯಾವ್ರು ಬ್ಯಾಡ ಅನ್ನಂಗಿಲ್ಲ. ಕೈ ಮುಗದು ಕಳಸ್ತಾರ."

"ಮತ್ತ ಆ ಹೆಣ್ಮಕ್ಕಳು ಏನಂತಾರ್ರಿ ಅಕ್ಕಾರ?"

"ಅವರನ್ನ ಯಾರು ಕೇಳ್ತಾರ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಅವರು ಕೆಟ್ಟವರಾಗಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಆ ಊರಿನಲ್ಲಿ ನೀಲವ್ವ ಇದ್ದಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಊರವರು ಮೂಗಿ ಎಂದೇ ಕರೆಯುತ್ತಿದ್ದರು, ಹೆಸರು ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತಿದ್ದರು. ಗಂಡ ಫಕೀರಪ್ಪನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ನವಿಲುತೀರ್ಥದ ರಸ್ತೆಗೆ ಸೈಕಲ್ ಅಂಗಡಿ ಇಟ್ಟಿದ್ದ. ಇಬ್ಬರದೂ ಒಂದೊಂದು ಊನ, ಜೋಡಿ ಸರಿಹೋಯಿತು ಎಂದು ಹಿರಿಯರು ಲಗ್ನ ಮಾಡಿದ್ದರು. ಲಗ್ನ ಮಾಡಿದವರಿಗೆ ಇವರು ಒಟ್ಟಿಗೆ ಮಲಗುತ್ತಾರೆ ಎಂಬ ಅಂದಾಜು ಇರಲಿಲ್ಲವೆಂದು ಕಾಣುತ್ತದೆ, ನೀಲವ್ವ ಬಸುರಾದಾಗ ಎಲ್ಲರೂ ಆಕಾಶ ಕಳಚಿ ಬಿದ್ದವರಂತೆ ಆಡಿದರು.

ನಾನು ಅವಳ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತು ಅವಳ ಮಾತು ಕಲಿತೆ. ಮೊಣಕಾಲು ತಟ್ಟಿದರೆ ಗಂಡ. ಮೂಗಿನ ಹೊಳ್ಳೆ ಹಿಂಡಿದರೆ ನತ್ತಿನ ಅತ್ತೆ. ತೋಳಿಗೆ ಬೆರಳು ಚುಚ್ಚಿದರೆ ಸೂಜಿ ಹಾಕುವ ನಾನು. ತೋಳು ತೂಗಿದರೆ ಕೂಸು. ಆ ದಿನಗಳಲ್ಲಿ ಅವಳು ತೋಳು ತೂಗಿದ್ದಕ್ಕೆ ಲೆಕ್ಕವಿಲ್ಲ. ನನ್ನನ್ನು ಕಂಡರೆ ಸಾಕು, ಹೊಟ್ಟೆ ಮುಟ್ಟಿಕೊಂಡು ತೂಗುವಳು, ಕಣ್ಣಲ್ಲೇ ನಗುವಳು. ಹೊಟ್ಟೆ ಇನ್ನೂ ಕಾಣಿಸುತ್ತಲೂ ಇರಲಿಲ್ಲ.

ಅತ್ತೆ ಗೌರವ್ವ ನನ್ನನ್ನು ಹಿತ್ತಿಲಿಗೆ ಕರೆದು, "ಬಾಯಾರ, ಇದನ್ನ ತಗಿಸಿ ಆಪರೇಶನ್ನೂ ಮಾಡಿಸಿಬಿಡ್ರಿ. ಹುಟ್ಟೂ ಕೂಸು ಮೂಗ ಆದ್ರ, ಕುಂಟ ಆದ್ರ ಗತಿ ಏನು? ನಾ ಎಷ್ಟು ಮಂದೀನ್ನ ಎತ್ಲಿ?" ಎಂದಳು.

"ನೀಲವ್ವ ಏನಂತಾಳ?"

"ಆಕಿ ಏನಂದಾಳ್ರಿ, ಆಕಿಗೆ ಮಾತೆಲ್ಲಿ ಐತಿ?"

ನಾನು ಆಗುವುದಿಲ್ಲ ಎಂದೆ. ಗೌರವ್ವ ಸುಮ್ಮನಾದಳು ಎಂದುಕೊಂಡೆ. ಆಕೆ ನನ್ನನ್ನು ದಾಟಿ ನೇರವಾಗಿ ಅಕ್ಕಾರ ಬಳಿಗೆ ಹೋಗಿದ್ದಾಳೆ ಎಂಬುದು ನನಗೆ ಆಪರೇಶನ್ ಕ್ಯಾಂಪಿನ ದಿನವೇ ಗೊತ್ತಾದದ್ದು.

ಕ್ಯಾಂಪು ಎಲ್ಲಿ ಎಂದು ಬರೆಯುವುದಿಲ್ಲ, ಎಲ್ಲ ಕಡೆಯೂ ಅದೇ ಚಿತ್ರ. ಸಾಲಾಗಿ ಹಾಸಿದ ಜಮಖಾನೆ, ಉಪವಾಸ ಕೂತ ಹೆಂಗಸರು, ಬಾಗಿಲಲ್ಲಿ ಹಸಿದ ಮಕ್ಕಳು. ಡಾಕ್ಟರ್ ಸಾಹೇಬರ ಕೈ ಬಹಳ ಚುರುಕು. ಒಬ್ಬಳು ಇಳಿಯುವ ಮೊದಲು ಇನ್ನೊಬ್ಬಳು ಸಿದ್ಧವಾಗಿರಬೇಕು. ಸಿದ್ಧ ಮಾಡುವುದು ನನ್ನ ಪಾಳಿ. ನಮ್ಮ ಕಡೆ ಗಂಡನಿರುವ ಹೆಂಗಸು ಗಾಜಿನ ಬಳೆ ತೆಗೆಯುವುದಿಲ್ಲ, ಸತ್ತರೂ ತೆಗೆಯುವುದಿಲ್ಲ. ಹಾಗಾಗಿ ನಾವು ಬಳೆಗಳನ್ನು ಮೇಲಕ್ಕೆ ಸರಿಸಿ, ಒಡೆಯದ ಹಾಗೆ ಬ್ಯಾಂಡೇಜು ಸುತ್ತುತ್ತಿದ್ದೆವು. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ ಅದು, ಎಲ್ಲ ನರ್ಸುಗಳಿಗೂ ಗೊತ್ತಿತ್ತು.

ಒಂದು ಕೈ ನನ್ನ ಮುಂದೆ ಬಂತು. ಮೊಣಕೈವರೆಗೆ ಹೊಚ್ಚಹೊಸ ಹಸಿರು ಬಳೆ. ತಲೆ ಎತ್ತಿದರೆ ನೀಲವ್ವ! ಹೊಸ ಕುಪ್ಪಸ, ತಲೆ ತುಂಬ ಹೂವು, ಬಾಯಿ ತುಂಬ ನಗು. ನಾನು ಅಭ್ಯಾಸಬಲದಿಂದ ಬ್ಯಾಂಡೇಜು ಸುತ್ತತೊಡಗಿದೆ. ಅವಳು ಬಳೆಗಳ ಮೇಲೆ ಕೈಯಾಡಿಸಿದಳು, ಹೊಟ್ಟೆ ಮುಟ್ಟಿಕೊಂಡಳು, ತೋಳು ತೂಗಿದಳು. ಆಮೇಲೆ ಮೂಗಿನ ಹೊಳ್ಳೆ ಹಿಂಡಿ ಬಾಗಿಲ ಕಡೆ ತೋರಿಸಿದಳು. ಅಲ್ಲಿ ಗೌರವ್ವ ಕೂತಿದ್ದಳು, ನನ್ನ ಕಣ್ಣು ತಪ್ಪಿಸಿ.

ನನ್ನ ಕೈ ನಿಂತುಹೋಯಿತು. ನಮ್ಮಲ್ಲಿ ಬಸುರಿಗೆ ಹಸಿರು ಬಳೆ ತೊಡಿಸುವುದು ಕುಬುಸದಲ್ಲಿ, ಅಂದರೆ ಸೀಮಂತದಲ್ಲಿ, ಅದೂ ದಿನ ತುಂಬುತ್ತ ಬಂದಾಗ. ಸೊಸೆ ಗಲಾಟೆ ಮಾಡದೆ ಬರಲಿ ಎಂದು ಗೌರವ್ವ ಅವಳಿಗೆ ಮೊದಲೇ ಬಳೆ ತೊಡಿಸಿ, ಸಿಂಗಾರ ಮಾಡಿ, ಕೂಸಿನ ಹೆಸರಿನಲ್ಲೇ ಕೂಸು ತೆಗೆಸಲು ಕರೆತಂದಿದ್ದಳು. ಒಳಗೆ ಹೋದರೆ ಮಗುವೂ ಇಲ್ಲ, ಮುಂದೆ ಎಂದೂ ಆಗುವುದೂ ಇಲ್ಲ. ಇವಳೊಬ್ಬಳಿಗೆ ಅದು ಗೊತ್ತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತಿದ ಬ್ಯಾಂಡೇಜನ್ನು ಬಿಚ್ಚತೊಡಗಿದೆ.

"ಏನ ನಡಸೀಯ ಶಾರದಾ? ಸಾಹೇಬ್ರು ಕಾಯಾಕತ್ತಾರ!" ಅಕ್ಕಾರ ಓಡಿ ಬಂದರು.

"ಈ ಹುಡುಗಿಗೆ ಗೊತ್ತಿಲ್ರಿ ಅಕ್ಕಾರ. ಕುಬುಸಕ್ಕ ಬಂದೇನಿ ಅನ್ಕೊಂಡಾಳ."

"ಮನ್ಯಾವ್ರಿಗೆ ಗೊತ್ತೈತಲ್ಲ, ಸಾಕು."

ಗದ್ದಲ ಕೇಳಿ ಡಾಕ್ಟರ್ ಸಾಹೇಬರು ಕೈಗವಸಿನಲ್ಲೇ ಹೊರಬಂದರು. ನಾನು ನಿಂತಲ್ಲಿಂದ ಕದಲಲಿಲ್ಲ. "ಆಕಿನ್ನ ಕೇಳೀರೇನ್ರಿ ಸರ?" ಎಂದೆ.

"ಆಕಿಗೆ ಕಿವಿ ಕೇಳಂಗಿಲ್ಲಂತ ನೀವ ಅಂತೀರಿ. ಹೆಂಗ ಕೇಳೂದು?"

"ಕಿವಿ ಇಲ್ರಿ. ಹೊಟ್ಟಿ ಆಕೀದ ಐತ್ರಿ."

ಸಾಹೇಬರ ಮುಖ ಕೆಂಪಾಯಿತು. ಚೀಲದಿಂದ ಖಣದ ಗರ್ಭಚೀಲ ತೆಗೆದೆ. ಸೆರಗಿನ ಗಂಟಿನಲ್ಲಿದ್ದ ಒಂದು ಶೇಂಗಾಬೀಜವನ್ನು ಅದರೊಳಗಿಟ್ಟು ನೀಲವ್ವನ ಹೊಟ್ಟೆಗೆ ಹಿಡಿದು ತೋಳು ತೂಗಿದೆ. ಅವಳು ಹೌದೌದೆಂದು ನಕ್ಕಳು. ಬೀಜವನ್ನು ಹೊರಗೆ ತೆಗೆದು ನೆಲಕ್ಕೆ ಹಾಕಿದೆ. ಎರಡೂ ನಾಳಗಳ ಮೇಲೆ ಬೆರಳನ್ನು ಕತ್ತರಿಯಂತೆ ಆಡಿಸಿದೆ. ಒಳಗಿನ ಟೇಬಲ್ ತೋರಿಸಿದೆ, ಸಾಹೇಬರನ್ನು ತೋರಿಸಿದೆ. ಕೊನೆಗೆ ಎರಡೂ ಕೈ ಬಿಡಿಸಿ, ಏನು ಮಾಡಲಿ ಎಂದು ಅವಳನ್ನೇ ಕೇಳಿದೆ.

ನಗು ಹೋಯಿತು. ಅವಳು ಮೊದಲು ಬಾಗಿಲ ಕಡೆ ನೋಡಿದಳು, ಅತ್ತೆಯನ್ನು. ಆ ನೋಟವನ್ನು ನಾನು ಬರೆಯಲಾರೆ. ಆಮೇಲೆ ಬಗ್ಗಿ ಆ ಶೇಂಗಾಬೀಜ ಹುಡುಕಿ ತೆಗೆದುಕೊಂಡಳು. ನನ್ನ ಕೈಯಿಂದ ಗರ್ಭಚೀಲ ಕಸಿದು, ಬೀಜವನ್ನು ಮತ್ತೆ ಅದರೊಳಗೆ ತುರುಕಿ, ಸೀರೆಯ ಉಡಿಯಲ್ಲಿ ಹಾಕಿ ಗಟ್ಟಿಯಾಗಿ ಗಂಟು ಕಟ್ಟಿಕೊಂಡಳು. ಗಂಟಿನ ಮೇಲೆ ಎರಡೂ ಕೈ ಇಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಯಾರಾದರೂ ಮುಟ್ಟಿದ್ದರೆ ಕಚ್ಚುತ್ತಿದ್ದಳು.

"ಕೇಳಿದ್ರಲ್ರಿ ಸರ, ಏನಂದ್ಲು?" ಎಂದೆ.

ಸಾಹೇಬರು ಅವಳ ಕೈಗಳನ್ನು ನೋಡಿದರು. "ಮುಂದಿನ ಕೇಸ ತರ್ರಿ," ಎಂದು ಒಳಗೆ ಹೋದರು. ಹೋಗುತ್ತ ನನ್ನತ್ತ ತಿರುಗಿ, "ನಿಮ್ಮನ್ನ ಆಮ್ಯಾಲ ನೋಡ್ತೇನಿ," ಎಂದರು. ನೋಡಿಯೇ ನೋಡಿದರು. ಕರ್ತವ್ಯಕ್ಕೆ ಅಡ್ಡಿ, ಮೇಲಧಿಕಾರಿಗೆ ಅವಿಧೇಯತೆ ಎಂದು ಮೆಮೊ ಬಂತು. ಆಕೆಯನ್ನು ಕೇಳದೆ ಟೇಬಲ್ ಹತ್ತಿಸುವುದಿಲ್ಲ, ಮುಂದೆಯೂ ಹತ್ತಿಸುವುದಿಲ್ಲ ಎಂದು ಉತ್ತರ ಕೊಟ್ಟೆ. ಹಾಗೆ ಬರೆಯಬಾರದು, ಕ್ಷಮಿಸಿ ಎಂದು ಬರೆ ಎಂದು ಅಕ್ಕಾರ ಕಣ್ಣೀರು ಹಾಕಿ ಹೇಳಿದರು. ನಾನು ಬದಲಿಸಲಿಲ್ಲ.

ಕ್ಯಾಂಪಿನ ದಿನವೇ ಸಂಜೆ ಫಕೀರಪ್ಪ ಊರುಗೋಲೂರಿಕೊಂಡು ಉಪಕೇಂದ್ರಕ್ಕೆ ಬಂದ. ಅವ್ವನ ಮಾತಿಗೆ ತಾನೂ ತಲೆಯಾಡಿಸಿದ್ದೆ ಎಂದ. "ಸಿಟ್ಟಾಗಬ್ಯಾಡ್ರಿ ಬಾಯಾರ. ಅಂಜಿಕಿ ಬಂತ್ರಿ. ನನ್ನ ಕಾಲು ಹಿಂಗ, ಆಕಿ ಮಾತು ಹಂಗ. ಕೂಸು ಹೆಂಗ ಆಕ್ಕೈತೋ ಏನೋ."

"ನಿನ್ನ ಕಾಲು ಹುಟ್ಟಿಂದ ಬಂದದ್ದಲ್ಲೋ, ಪೋಲಿಯೋದ್ದು. ಕೂಸಿಗೆ ಹೊತ್ತಿಗೆ ಸರಿ ಹನಿ ಹಾಕಸು, ಮುಗೀತು."

"ಮತ್ತ ಆಕೀದು?"

"ಮೂಗ ಹುಟ್ಟಿತು ಅಂತ ತಿಳಕೋ. ಏನಾತು? ಆಕಿ ನಿನ್ನ ಮನಿ ನಡಸಾಕತ್ತಿಲ್ಲೇನು? ನಿನ್ನ ಕೂಡ ಜಗಳ ಆಡಾಕತ್ತಿಲ್ಲೇನು?"

ಅವನು ನಕ್ಕುಬಿಟ್ಟ. "ಜಗಳ ಅಂದ್ರ ಎಂಥಾ ಜಗಳರಿ! ಬಾಯಿ ಇದ್ದವ್ರೂ ಅಷ್ಟು ಬೈಯಂಗಿಲ್ಲ," ಎಂದ.

ಮನೆಯಲ್ಲಿ ಕುಬುಸ ಮಾಡುವ ಲಕ್ಷಣ ಕಾಣಲಿಲ್ಲ. ವರ್ಗಾವಣೆಯ ಆದೇಶ ಬರುವ ಮೊದಲು ನಾನೇ ಮಾಡಿದೆ, ಉಪಕೇಂದ್ರದಲ್ಲಿ, ಮಕ್ಕಳಿಗೆ ಸೂಜಿ ಹಾಕುವ ದಿನ. ಊರಿನ ತಾಯಂದಿರೆಲ್ಲ ಹೇಗೂ ಅಲ್ಲಿಯೇ ಇರುತ್ತಾರೆ. ತೂಕದ ತಕ್ಕಡಿ ಬದಿಗಿಟ್ಟು ಅವಳನ್ನು ಕೂರಿಸಿ ಉಡಿ ತುಂಬಿದೆವು, ಹಾಡಿದೆವು. ಹಾಡು ಕೇಳದವಳು ನಮ್ಮ ಬಾಯಿ ನೋಡಿ ನಗುತ್ತಿದ್ದಳು. ಎಲ್ಲ ಮುಗಿಯುವಾಗ ಗೌರವ್ವ ಒಂದು ಡಬ್ಬಿಯಲ್ಲಿ ಸಿಹಿ ಮಾದಲಿ ತಂದು ಮೆಟ್ಟಿಲ ಮೇಲೆ ಕೂತಳು. ಒಳಗೆ ಬರಲಿಲ್ಲ. ನೀಲವ್ವನೂ ಎದ್ದು ಹೋಗಲಿಲ್ಲ. ಡಬ್ಬಿ ಮಾತ್ರ ಒಳಗೆ ಬಂತು, ಖಾಲಿಯಾಗಿ ಹೊರಗೆ ಹೋಯಿತು.

ಕೂಸು ಹುಟ್ಟಿತು. ಹೆಣ್ಣು. ಅದಕ್ಕೆ ಕಿವಿ ಕೇಳಿಸುತ್ತಿತ್ತೇ ಎಂದು ಈ ಕತೆ ಹೇಳಿದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಹೇಳುವುದಿಲ್ಲ. ಕೇಳಿಸುತ್ತಿತ್ತು ಎಂದರೆ ಸದ್ಯ ಬದುಕಿದೆವು ಎನ್ನುತ್ತೀರಿ, ಇಲ್ಲ ಎಂದರೆ ಗೌರವ್ವನೇ ಸರಿ ಎನ್ನುತ್ತೀರಿ. ಎರಡೂ ನನಗೆ ಬೇಡ.

ರಾಮದುರ್ಗದ ಕಡೆ ನನ್ನನ್ನು ಶಿಕ್ಷೆಗೆಂದು ಹಾಕಿದ್ದರು. ಅಲ್ಲಿ ಮಗ್ಗದ ಕೆಲಸದ ರುದ್ರವ್ವ ಸಿಕ್ಕಳು. ಮಗಳು ಮೈನೆರೆದಿದ್ದಳು, ಬುದ್ಧಿ ಮಾತ್ರ ಸಣ್ಣ ಮಗುವಿನದು. ಮಗಳ ಗರ್ಭಕೋಶ ತೆಗೆಸಿಬಿಡಿ ಎಂದು ತಾಯಿ ಕಾಲು ಹಿಡಿದಳು. "ಮುಟ್ಟಾದಾಗ ಅರಿವಿ ಕಿತ್ತ ಒಗೀತಾಳ್ರಿ. ನಾ ಮಗ್ಗಕ್ಕ ಕುಂದ್ರಲೋ, ಆಕಿ ಹಿಂದ ಓಡ್ಲೋ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಾ ಇಲ್ದಾಗ ಯಾರರ ಏನರ ಮಾಡಿದ್ರ?" ಎಂದಳು. ಹೆತ್ತ ಹೊಟ್ಟೆಯ ಸಂಕಟ ಅದು. ಬೈಯಲು ನನಗೆ ಬಾಯಿ ಬರಲಿಲ್ಲ.

"ರುದ್ರವ್ವಾ, ಚೀಲ ತಗದ್ರ ಅಂಥಾವ್ನ ಕೈ ತಗದಂಗ ಆಕ್ಕೈತೇನು? ಹೊಟ್ಟಿ ಬರೂದಿಲ್ಲಂತ ಅಂವಗ ಇನ್ನಷ್ಟು ಧೈರ್ಯ ಬರ್ತೈತಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಹುಡುಗಿಗೆ ಬಟ್ಟೆ ಮಡಚುವುದೆಂದರೆ ಪ್ರೀತಿ. ಮಗ್ಗದಲ್ಲಿ ಉಳಿದ ಮೆತ್ತನೆಯ ತುಂಡುಗಳನ್ನೇ ಮಡಚಲು ಕೊಟ್ಟು, ಬೊಂಬೆಗೆ ಕಟ್ಟಿಸಿ, ತನಗೆ ಕಟ್ಟಿಕೊಳ್ಳುವುದನ್ನು ಕಲಿಸಿದೆವು. ತಿಂಗಳುಗಟ್ಟಲೆ ಹಿಡಿಯಿತು, ಎಷ್ಟೋ ಸಲ ಕೈಬಿಡೋಣ ಅನಿಸಿತು. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಊರು ಕೇಳುವಂತೆ "ಬ್ಯಾಡ!" ಎಂದು ಒದರುವುದನ್ನೂ ಕಲಿಸಿದೆವು. ಅದನ್ನು ಬೇಗ ಕಲಿತಳು, ಒಮ್ಮೆ ನನಗೇ ಒದರಿದಳು. ನಾನು ಅಲ್ಲಿರುವವರೆಗೆ ಆಪರೇಶನ್ ಆಗಲಿಲ್ಲ. ಆಮೇಲಿನದು ನನಗೆ ತಿಳಿಯದು.

ಅಷ್ಟರಲ್ಲಿ ಟಾರ್ಗೆಟ್ ರದ್ದು ಮಾಡಿದರು. ಅಂಗವಿಕಲರಿಗೊಂದು ಕಾಯ್ದೆಯೂ ಬಂತು. ತಾಲೂಕಿನ ಸಭೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಅದನ್ನು ಓದಿ ಹೇಳಿದರು. ಶಾಲೆ, ನೌಕರಿ, ಬಸ್ಸು ಎಲ್ಲ ಬಂತು. ನಾನು ಎದ್ದು, "ಸಂಸಾರದ ಮಾತು ಯಾವ ಪುಟದಾಗ ಐತ್ರಿ ಸರ?" ಎಂದೆ. ಹಿಂದಿನ ಸಾಲಿನವರು ಕಿಸಕ್ಕೆಂದರು. ಊಟದ ಸಮಯವಾಯಿತು ಎಂದು ಸಭೆ ಮುಗಿಸಿದರು. ಹೊಸ ಮಾತುಗಳು ಬರುತ್ತವೆ ಹುಡುಗಿಯರೇ, ಅವುಗಳನ್ನು ಕಲಿಯಿರಿ. ಆದರೆ ಹೆಸರು ಬದಲಾದ ಮಾತ್ರಕ್ಕೆ ಕ್ಯಾಂಪಿನ ಬಾಗಿಲಲ್ಲಿ ನಡೆಯುವುದು ಬದಲಾಯಿತು ಎಂದು ನಂಬಬೇಡಿ. ನೀವೇ ಹೋಗಿ ನೋಡಿ.

ಎರಡು ಸಾವಿರದ ಇಸವಿಯ ನಂತರ, ಕಿತ್ತೂರಿಗೆ ಹೋಗುವ ಮುಂಚೆ, ಸ್ವಲ್ಪ ಕಾಲ ಮತ್ತೆ ಸವದತ್ತಿ ತಾಲೂಕಿನಲ್ಲಿದ್ದೆ. ಒಂದು ಕ್ಯಾಂಪಿನಲ್ಲಿ ಯಾರೋ ಹಿಂದಿನಿಂದ ನನ್ನ ತೋಳಿಗೆ ಬೆರಳು ಚುಚ್ಚಿದರು. ತಿರುಗಿದರೆ ನೀಲವ್ವ, ಮೈ ತುಂಬಿಕೊಂಡು, ಸೊಂಟದ ಮೇಲೆ ಗಂಡು ಕೂಸು. ದೊಡ್ಡ ಮಗಳು ಶಾಲೆಗೆ ಹೋಗಿದ್ದಾಳೆ ಎಂದು ಬೆನ್ನ ಮೇಲೆ ಪಾಟಿಚೀಲ ಹೊರುವ ಸನ್ನೆ ಮಾಡಿ ತಿಳಿಸಿದಳು. ಜೊತೆಗೆ ಗೌರವ್ವ, ಮುದುಕಿಯಾಗಿದ್ದಳು. ನೀಲವ್ವ ಎರಡು ಬೆರಳು ತೋರಿಸಿ, ಅಂಗೈ ಅಡ್ಡ ಆಡಿಸಿದಳು. ಎರಡು ಸಾಕು, ಆಪರೇಶನ್ ಮಾಡಿಸಿಕೊಳ್ಳಲು ಬಂದಿದ್ದಳು. ತಾನಾಗಿಯೇ ಬಂದಿದ್ದಳು.

ಡಾಕ್ಟರು ಹೊಸಬರು, ಮೈಸೂರು ಕಡೆಯ ಹುಡುಗ, ಒಳ್ಳೆಯವರು. ಅವಳಿಗೆ ಕಿವಿ ಕೇಳದೆಂದು ಯಾರೋ ಹೇಳಿದ್ದೇ ತಡ, ಗೌರವ್ವನ ಕಡೆ ತಿರುಗಿ, "ಏನಜ್ಜಿ, ಇವರಿಗೆ ಒಪ್ಪಿಗೆ ಇದೆಯಾ?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಆಕಿನ್ನ ಕೇಳ್ರಿ ಸರ! ಆಕಿ ಮಾತು ನನಗ ತಿಳೀತೈತಿ. ಎರಡ ಮಕ್ಕಳು ಸಾಕು ಅಂತ ಆಕಿನ ಮನಸು ಮಾಡಿ ಬಂದಾಳ, ಆಕಿ ಏನ ಹೇಳಾಕತ್ತಾಳ ಅಂದ್ರ..."

ಬಾಯಿ ಮುಚ್ಚಿತು. ನೀಲವ್ವ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ತನ್ನ ಅಂಗೈಯನ್ನು ನನ್ನ ಬಾಯಿಯ ಮೇಲೆ ಅಡ್ಡ ಇಟ್ಟಿದ್ದಳು. ಇನ್ನೊಂದು ಕೈಯಿಂದ ಡಾಕ್ಟರ ಗದ್ದ ಹಿಡಿದು ಅವರ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಗದ್ದ ಬಿಟ್ಟು, ತನ್ನ ಎದೆ ಮುಟ್ಟಿಕೊಂಡು, ಮೊದಲಿನಿಂದ ಒಂದೊಂದಾಗಿ ಹೇಳತೊಡಗಿದಳು. ಡಾಕ್ಟರು ಗಾಬರಿಯಿಂದ ನನ್ನತ್ತ ಕಣ್ಣು ಹೊರಳಿಸಿದರು. ನನ್ನನ್ನ ಯಾಕ ನೋಡ್ತೀರಿ, ಆಕಿನ್ನ ನೋಡ್ರಿ ಎಂದು ಹೇಳಬೇಕೆಂದರೆ, ನನ್ನ ಬಾಯಿ ಇನ್ನೂ ಅವಳ ಕೈಯಲ್ಲಿತ್ತು.